ಕಾರ್ತಿಕ ಹುಣ್ಣಿಮೆ, ಪೊಸಡಿಗುಂಪೆ: ಚಂದ್ರ ಯಾಕೆ ತಡ?

ಬನ್ನಿ. ಕಾಸರಗೋಡಿನ ಪೊಸಡಿಗುಂಪೆ ಗುಡ್ಡೆ ಹತ್ತುವ ದಾರಿ ವಿಡಿಯೊದಲ್ಲಿ ಕಾಣ್ತಾ ಉಂಟಲ್ಲ, ಅದಕ್ಕೆ ಮಾತು ಬೇಡ. ಮುಳಿಹುಲ್ಲು ಹಳದಿಗೆ ತಿರುಗಿದೆ, ಕಾಲಿಗೆ ತಾಗಿದ್ರೆ ತುರಿಸ್ತದೆ, ಪ್ಯಾಂಟ್ ಹಾಕ್ಕೊಂಡೇ ಬನ್ನಿ. ಈ ಗುಡ್ಡೆಯ ಮೇಲೆ ನಿಂತ್ರೆ ಒಂದು ಲಾಭ ಉಂಟು: ಪಶ್ಚಿಮಕ್ಕೆ ಕುಂಬಳೆ ಕಡೆಯ ಕಡಲು, ಪೂರ್ವಕ್ಕೆ ಘಟ್ಟದ ಸಾಲು. ಹುಣ್ಣಿಮೆ ದಿನ ಸೂರ್ಯ, ಚಂದ್ರ ಎದುರಾಬದುರು. ಸೂರ್ಯ ನೈಋತ್ಯಕ್ಕೆ ವಾಲಿ ಕಡಲಿಗಿಳಿಯುವಾಗ ಚಂದ್ರ ಈಶಾನ್ಯದಲ್ಲಿ ಏಳಬೇಕು.

ಏಳಬೇಕು. ಎದ್ದಿಲ್ಲ. ಕ್ಯಾಲೆಂಡರಿನಲ್ಲಿ ಕೊಟ್ಟ ಚಂದ್ರೋದಯದ ಹೊತ್ತು ಮೀರಿ ಕಾಲು ಗಂಟೆ ಆಯ್ತು, ಪರದೆ ಮೇಲೆ ಬರೀ ನೇರಳೆ ಆಕಾಶ. ಈ ಕ್ಯಾಲೆಂಡರ್ ನಂಬಿ ಕ್ಯಾಮೆರಾ ಇಟ್ಟವರ ಗತಿ ಇದೇ. ಲೆಕ್ಕ ಕೇಳಿ. ಕ್ಯಾಲೆಂಡರಿನ ಹೊತ್ತು ಬೆಂಗಳೂರಿನದ್ದು. ಬೆಂಗಳೂರು 77.6 ಡಿಗ್ರಿ ರೇಖಾಂಶ, ನಮ್ಮ ಕಾಸರಗೋಡು 75. ಭೂಮಿ ಒಂದು ಡಿಗ್ರಿ ತಿರುಗ್ಲಿಕ್ಕೆ 4 ನಿಮಿಷ ಬೇಕು, ಅಲ್ಲಿಗೇ 10 ನಿಮಿಷ ಹೋಯ್ತು. ಮೇಲಿಂದ ಘಟ್ಟ. ಸಾಲು ಒಂದೇ ಡಿಗ್ರಿ ಎತ್ತರ ಕಂಡರೂ ಇನ್ನೊಂದು 4-5 ನಿಮಿಷ. ಆಮೇಲೆ ಬುಡದ ಮಬ್ಬು. ಅದರೊಳಗೆ ಆಗಷ್ಟೇ ಎದ್ದ ಚಂದ್ರ ಹಳೇ ತಾಮ್ರದ ಬಣ್ಣದಲ್ಲಿರ್ತಾನೆ, ಹುಡುಕಿದ್ರೂ ಸಿಗೋದಿಲ್ಲ. ಸಂಕಷ್ಟಿ ದಿನ ಹಸಿದು ಅಂಗಳದಲ್ಲಿ ನಿಲ್ಲುವವರಿಗೆ ಇದು ಚೆನ್ನಾಗಿ ಗೊತ್ತು. ಅದರಲ್ಲೂ ಅಡಿಕೆ ತೋಟದ ನಡುವೆ ಮನೆ ಇದ್ರೆ, ಮರಗಳು 10 ಡಿಗ್ರಿ ಮುಚ್ಚಿದ್ರೂ ಮುಕ್ಕಾಲು ಗಂಟೆ ಹೆಚ್ಚು ಉಪವಾಸ. ಅಲ್ಲ, ಕ್ಯಾಲೆಂಡರಿಗೆ ಬೈದು ಪ್ರಯೋಜನ ಇಲ್ಲ ಬಿಡಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಊರಿನ ಹೆಸರು ಹಾಕಿರ್ತಾರೆ, ಓದದೆ ಇರೋದು ನಮ್ಮ ಸೋಮಾರಿತನ.

ಹಾಂ, ಬಂದ! ಬಲಕ್ಕೆ ನೋಡಿ.

ಈಗ ಇವನ ಓಟ. ಚಂದ್ರನಿಗೆ ಎರಡು ಓಟ ಉಂಟು, ಒಂದು ಸುಳ್ಳು, ಒಂದು ನಿಜ. ಪಶ್ಚಿಮಕ್ಕೆ ಹೋಗುವ ಹಾಗೆ ಕಾಣೋದು ಭೂಮಿ ತಿರುಗುವುದರಿಂದ. ನಿಜವಾಗಿ ಅವನು ಪೂರ್ವಕ್ಕೇ ಹೋಗ್ತಾ ಇದ್ದಾನೆ, ಗಂಟೆಗೆ ಅರ್ಧ ಡಿಗ್ರಿ, ಅಂದ್ರೆ ಅವನದೇ ಮೈಯಷ್ಟು ಅಗಲ. ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸರಿದ್ರೆ ಚಂದ್ರ 14.5. ದಿನಕ್ಕೆ ಹೀಗೆ 13 ಡಿಗ್ರಿ ಹಿಂದೆ ಬೀಳ್ತಾನೆ, ಅದಕ್ಕೇ ನಾಳೆ ಸರಾಸರಿ 50 ನಿಮಿಷ ತಡ. ಸರಾಸರಿ ಅಂದೆ, ನೆನಪಿಡಿ. ಭೂಮಿಗೆ ಹತ್ತಿರ ಇದ್ದಾಗ ಬೇಗ ಓಡ್ತಾನೆ, ದೂರ ಇದ್ದಾಗ ನಿಧಾನ, ಹಾಗಾಗಿ 40 ನಿಮಿಷದಿಂದ ಒಂದು ಗಂಟೆ ಆಚೀಚೆ ಆಗ್ತದೆ. ಹಳಬರು ಇದನ್ನೇ "ಬಾಣವೃದ್ಧಿ, ರಸಕ್ಷಯ" ಅಂದದ್ದು: ಬಾಣ ಅಂದ್ರೆ 5, ರಸ ಅಂದ್ರೆ 6; ತಿಥಿ 60 ಘಳಿಗೆಗಿಂತ (ಒಂದು ಘಳಿಗೆ 24 ನಿಮಿಷ) 5 ಹಿಗ್ಗಬಹುದು, 6 ಕುಗ್ಗಬಹುದು.

ಪರೀಕ್ಷೆ ಮಾಡ್ಬೇಕಾ? ಕಾರ್ತಿಕ ಮಾಸಕ್ಕೆ ಆ ಹೆಸರು ಬಂದದ್ದೇ ಹುಣ್ಣಿಮೆ ಚಂದ್ರ ಕೃತ್ತಿಕೆಯ ಹತ್ತಿರ ಇರೋದರಿಂದ. ಆದ್ರೆ ಈ ಬೆಳಕಿಗೆ ಕೃತ್ತಿಕೆ ಮುಳುಗಿಹೋಗ್ತದೆ, 7x50 ಬೈನಾಕ್ಯುಲರ್ ಬೇಕು. ರೋಹಿಣಿ ಬರಿಗಣ್ಣಿಗೂ ಸಿಗ್ತದೆ, ಕೆಂಪು. 8 ಗಂಟೆಗೊಂದು ಫೋಟೋ, 11ಕ್ಕೊಂದು. ಚಂದ್ರನಿಗೂ ರೋಹಿಣಿಗೂ ನಡುವಿನ ಅಂತರ ಸುಮಾರು ಒಂದು ಡಿಗ್ರಿ ಕಡಿಮೆ ಆಗಿರ್ತದೆ.

ಅಯ್ಯೋ, ಈ ಕ್ಲಿಪ್ ನೋಡಿ, ಚಂದ್ರ ಮೇಲಿಂದ ಆಚೆ ಹೋದ! 300 ಎಂಎಂ ಲೆನ್ಸ್, ಫುಲ್ ಫ್ರೇಮ್, ಕ್ಯಾಮೆರಾ ಅಡ್ಡ. ಚೌಕಟ್ಟಿನ ಎತ್ತರ 4.6 ಡಿಗ್ರಿ ಮಾತ್ರ. ನಮ್ಮ ಊರು 12.5 ಡಿಗ್ರಿ ಅಕ್ಷಾಂಶದಲ್ಲಿ ಇರೋದರಿಂದ ಚಂದ್ರ ಓರೆಯಾಗಿ ಏಳೋದಿಲ್ಲ, ಸ್ವಲ್ಪವೇ ಬಲಕ್ಕೆ ವಾಲಿ ತೆಂಗಿನಮರ ಹತ್ತುವವರ ಹಾಗೆ ನೆಟ್ಟಗೆ ಏರ್ತಾನೆ. 20 ನಿಮಿಷದಲ್ಲಿ ಖಾಲಿ. ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿದ್ರೆ ಅರ್ಧ ಗಂಟೆ ಸಿಗ್ತದೆ. ಯೂರೋಪಿನವರ ವಿಡಿಯೊ ನೋಡಿ ಅಡ್ಡ ಇಟ್ರೆ ಹೀಗೇ. ಅಲ್ಲಿ ಚಂದ್ರ ಓರೆಯಾಗಿ ಜಾರ್ತಾನೆ.

ಎಕ್ಸ್‌ಪೋಶರ್ ಆಟೋದಲ್ಲಿ ಬಿಡ್ಬೇಡಿ, ಬಿಳಿ ಬೊಟ್ಟು ಮಾತ್ರ ಬರ್ತದೆ. ಮೇಲೇರಿದ ಹುಣ್ಣಿಮೆ ಚಂದ್ರನಿಗೆ ಎಫ್/11, ಐಎಸ್‌ಒ 100, ಸೆಕೆಂಡಿನ ನೂರನೇ ಒಂದು ಭಾಗ. ಅವನ ಮೇಲೆ ಬೀಳೋದು ನಡುಹಗಲ ಬಿಸಿಲೇ ಅಲ್ವಾ. ಬುಡದ ಮಬ್ಬಿನಲ್ಲಿ ಹತ್ತನೇ ಒಂದು ಭಾಗಕ್ಕೆ ಇಳಿಸಿ, ಏರಿದ ಹಾಗೆ ಹೆಚ್ಚಿಸ್ತಾ ಬನ್ನಿ. ಮಂಜು ಲೆನ್ಸಿಗೆ ಕೂತ್ಕೊಳ್ತದೆ, ಒಣ ಬಟ್ಟೆ ಇರ್ಲಿ.

ಕೆಳಗೆ ದೊಡ್ಡದು ಕಾಣ್ತದೆ ಅಂತ ಎಲ್ಲರೂ ಹೇಳ್ತಾರೆ. ಕಣ್ಣಿನ ಮೋಸ. ಕೈ ಚಾಚಿ ಕಿರುಬೆರಳು ಹಿಡಿದ್ರೆ ಕೆಳಗಿದ್ದಾಗಲೂ ಮೇಲಿದ್ದಾಗಲೂ ಚಂದ್ರ ಅದರ ಹಿಂದೆ ಮುಚ್ಚಿಹೋಗ್ತಾನೆ. ಲೆಕ್ಕ ಹಾಕಿದ್ರೆ ನೆತ್ತಿ ಮೇಲಿನ ಚಂದ್ರನೇ ದೊಡ್ಡ, ಶೇಕಡಾ ಒಂದೂವರೆಯಷ್ಟು, ಯಾಕೆಂದ್ರೆ ಆಗ ಅವನು ನಮಗೆ 6,000 ಕಿಲೋಮೀಟರಿಗೂ ಹೆಚ್ಚು ಹತ್ತಿರ. ಆದ್ರೂ ಹೇಳ್ತೇನೆ, ಘಟ್ಟದ ಮೇಲಿನದ್ದೇ ಚಂದ.

ನೆತ್ತಿಗೆ ಬರೋದು 12ಕ್ಕಲ್ಲ, ಸುಮಾರು 12.30ಕ್ಕೆ, ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಅದೂ ಸರಿಯಾಗಿ ನೆತ್ತಿ ಅಲ್ಲ, ಸ್ವಲ್ಪ ಉತ್ತರಕ್ಕೆ. ಜೂನ್ ಹುಣ್ಣಿಮೆಗೆ ದಕ್ಷಿಣಕ್ಕೆ ತಗ್ಗಿ ಹೋಗ್ತಾನೆ, ಆದ್ರೆ ಆಗ ಇಲ್ಲಿ ಮಳೆ, ನೋಡುವವರು ಯಾರು?

ಬೆಳಗ್ಗಿನ ಶಾಟ್, ಕಡಲ ಬದಿ. ಚಂದ್ರನ ಮೊಲ ಹೆಚ್ಚುಕಡಿಮೆ ತಲೆಕೆಳಗಾಗಿದೆ, ರಾತ್ರಿಯದ್ದರ ಪಕ್ಕ ಇಟ್ಟು ನೋಡಿ. ಅಂದ ಹಾಗೆ ಆ 50 ನಿಮಿಷದ ಲೆಕ್ಕವೇ ಕಡಲ ಭರತಕ್ಕೂ, ದಿನಾ ಅಷ್ಟೇ ತಡ, ದೋಣಿಯವರನ್ನು ಕೇಳಿದ್ರೆ... ಇರಿ ಇರಿ, ಮುಳುಗ್ತಾ ಇದ್ದಾನೆ. ಅಡಿ ಚಪ್ಪಟೆ ಆಯ್ತು ನೋಡಿ. ಗಾಳಿ ಬೆಳಕನ್ನು ಬಗ್ಗಿಸೋದರಿಂದ ಕೆಳಗಿನ ಅಂಚು ಮೇಲಿನದಕ್ಕಿಂತ ಹೆಚ್ಚು ಎತ್ತಿ ಕಾಣ್ತದೆ. ನಿಜವಾದ ಚಂದ್ರ ಆಗಲೇ ನೀರಿನ ಗೆರೆಯಿಂದ ಕೆಳಗಿದ್ದಾನೆ.

ನಾಳೆ ಬೆಳಿಗ್ಗೆ ಬರುವವರು ಸುಮಾರು ಒಂದು ಗಂಟೆ ತಡವಾಗಿ ಬನ್ನಿ. ಬಿಸಿಲು ಬಂದಿರ್ತದೆ, ಚಂದ್ರ ಒಣಗಿಸಿದ ಹಲಸಿನ ಹಪ್ಪಳದ ಹಾಗೆ ಮಂಕು, ಫಿಲ್ಟರ್ ಹಾಕಿದ್ರೂ ಉಪಕಾರ ಇಲ್ಲ.