ಹಗ್ಗದ ಮೇಲಿನ ಕೆಲಸ: ಗಾಳಿಯಂತ್ರದ ರೆಕ್ಕೆ ರಿಪೇರಿಯ ಸುತ್ತ ಕೆಲವು ಮಾತು

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್, ಸಿವಿಲ್ ಎರಡೂ ವಿಭಾಗದವರು ಇದ್ದೀರಿ, ಹಿಂದಿನ ಸಾಲಿನಲ್ಲಿ ಐಟಿಐ ಹುಡುಗರೂ ಬಂದು ಕೂತಿದ್ದಾರೆ. ಒಳ್ಳೆಯದೇ ಆಯಿತು. ನಾನು ಮಾಡುವ ಕೆಲಸಕ್ಕೆ ಡಿಗ್ರಿಗಿಂತ ಹೆಚ್ಚಾಗಿ ಪಳಗಿದ ಕೈ ಬೇಕು.

ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ, ಗದಗ ಸೀಮೆಯ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನೀವು ನೋಡಿಯೇ ಇರುತ್ತೀರಿ. ಊರ ಜನ ಫ್ಯಾನು ಅನ್ನುತ್ತಾರೆ. ದೂರದಿಂದ ನೋಡಿದರೆ ತೂಕಡಿಸುತ್ತಾ ತಿರುಗಿದಂತೆ ಕಾಣುತ್ತದೆ. ಆದರೆ ದೊಡ್ಡ ಯಂತ್ರವೊಂದರ ರೆಕ್ಕೆಯ ತುದಿ ಸೆಕೆಂಡಿಗೆ 70–80 ಮೀಟರ್ ಓಡುತ್ತಿರುತ್ತದೆ, ಅಂದರೆ ಗಂಟೆಗೆ 250 ಕಿ.ಮೀ.ಗಿಂತ ಹೆಚ್ಚು. ಆ ವೇಗದಲ್ಲಿ ಮಳೆಹನಿಯೂ ಪೆಟ್ಟು ಕೊಡುತ್ತದೆ, ದೂಳೂ ಉಜ್ಜುತ್ತದೆ. ಗಾಳಿಯನ್ನು ಸೀಳುವ ಅಂಚಿನಲ್ಲಿ ಮೊದಲು ಬಣ್ಣ ಏಳುತ್ತದೆ, ಆಮೇಲೆ ಫಿಲ್ಲರ್ ಉದುರುತ್ತದೆ, ಕೊನೆಗೆ ಗ್ಲಾಸ್ ಫೈಬರ್ ಪದರವೇ ಬಿಚ್ಚಿಕೊಳ್ಳುತ್ತದೆ. ಜೊತೆಗೆ ಸಿಡಿಲು. ಸಿಡಿಲನ್ನು ನೆಲಕ್ಕೆ ಇಳಿಸಲು ರೆಕ್ಕೆಯೊಳಗೆ ತಂತಿ ಇರುತ್ತದೆ, ನಿಜ. ಅದು ಎಲ್ಲೋ ತುಂಡಾಗಿದ್ದರೆ ಒಳಗಿನ ತೇವ ಒಮ್ಮೆಲೇ ಆವಿಯಾಗಿ ರೆಕ್ಕೆಯ ತುದಿಯೇ ಸೀಳಿಹೋಗುತ್ತದೆ.

ಇದನ್ನು ಸರಿಮಾಡಲು ಅಷ್ಟೆತ್ತರಕ್ಕೆ ಹೋಗುವುದು ಹೇಗೆ? ಕ್ರೇನ್ ತರಿಸಬಹುದು. ಅಷ್ಟು ದೊಡ್ಡ ಕ್ರೇನು ಹತ್ತಾರು ಲಾರಿಗಳಲ್ಲಿ ಬಿಡಿಬಿಡಿಯಾಗಿ ಬರಬೇಕು, ಗುಡ್ಡದ ದಾರಿ ಅದಕ್ಕೆ ಅಗಲ ಸಾಲಬೇಕು, ಮೇಲೆ ನಿಲ್ಲಿಸಲು ಗಟ್ಟಿ ನೆಲ ಬೇಕು. ಅಂಗೈ ಅಗಲದ ಬಿರುಕಿಗೆ ಇಷ್ಟೆಲ್ಲ ಯಾರು ಮಾಡುತ್ತಾರೆ? ನಾವಾದರೆ ಒಂದು ಜೀಪಿನಲ್ಲಿ ಹಗ್ಗದ ಚೀಲ ಹಾಕಿಕೊಂಡು ಹೋಗುತ್ತೇವೆ, ಕಂಬದೊಳಗಿನ ಏಣಿ ಹತ್ತುತ್ತೇವೆ, ಮೇಲಿಂದ ಇಳಿಯುತ್ತೇವೆ. ರೆಕ್ಕೆಯನ್ನೇ ಬದಲಿಸಬೇಕಾದರೆ ಮಾತ್ರ ಕ್ರೇನ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಹಗ್ಗ ಕಟ್ಟಿಕೊಂಡು ಇಳಿದು ದುಡಿಯುವುದು ಹೊಸದೇನಲ್ಲ. 1930ರ ದಶಕದಲ್ಲಿ ಅಮೆರಿಕದ ಹೂವರ್ ಅಣೆಕಟ್ಟು ಕಟ್ಟುವಾಗ ಕಣಿವೆಯ ಗೋಡೆಯಿಂದ ಸಡಿಲ ಬಂಡೆ ಕೀಳಲು ಆಳುಗಳು ಹಗ್ಗದ ತುದಿಯ ಹಲಗೆಯ ಮೇಲೆ ಕೂತು ಇಳಿಯುತ್ತಿದ್ದರು. ಮೇಲಿಂದ ಬೀಳುವ ಕಲ್ಲಿನ ಭಯಕ್ಕೆ ಅವರು ತಮ್ಮ ಬಟ್ಟೆಯ ಟೋಪಿಗಳನ್ನು ಟಾರಿನಲ್ಲಿ ಅದ್ದಿ ಒಣಗಿಸಿ ಗಟ್ಟಿ ಮಾಡಿಕೊಂಡರು. ಅದರಿಂದ ತಲೆಗಳು ಉಳಿದದ್ದನ್ನು ಕಂಡ ಮೇಲೆಯೇ ಗುತ್ತಿಗೆ ಕಂಪನಿ ಕಾರ್ಖಾನೆಯಲ್ಲಿ ತಯಾರಾದ ಹೆಲ್ಮೆಟ್ ತರಿಸಿತು. ದಾರಿ ಕಂಡುಕೊಂಡದ್ದು ಆಳುಗಳು, ಕಂಪನಿ ಆಮೇಲೆ ಬಂತು. ನಮ್ಮ ಕಸುಬಿನಲ್ಲಿ ಇದು ಮತ್ತೆ ಮತ್ತೆ ಆಗಿದೆ. ಇವತ್ತು ನಾವು ಬಳಸುವ ಇಳಿಯುವ, ಏರುವ ಸಾಧನಗಳ ಮೂಲ ಯುರೋಪಿನ ಗುಹೆ ಹೊಕ್ಕವರು ಮತ್ತು ಬೆಟ್ಟ ಹತ್ತಿದವರ ಕೈಯಲ್ಲಿದೆ. ಆ ವಿದ್ಯೆಯನ್ನು ಬ್ರಿಟನ್ನಿನವರು ಸಮುದ್ರದ ನಡುವಿನ ತೈಲ ವೇದಿಕೆಗಳಿಗೆ ತಂದರು. 1980ರ ದಶಕದ ಕೊನೆಗೆ ಅಲ್ಲಿನ ಕಂಪನಿಗಳು ಸೇರಿ ಐರಾಟಾ ಎಂಬ ಸಂಘ ಕಟ್ಟಿಕೊಂಡು ನಿಯಮ ಬರೆದವು. ನಾವು ಪಾಲಿಸುವುದು ಅದೇ ಪದ್ಧತಿ.

ಆ ಪದ್ಧತಿಯ ಜೀವಾಳ ಇಷ್ಟೇ: ಒಬ್ಬ ಮನುಷ್ಯ, ಎರಡು ಹಗ್ಗ. ಒಂದು ಕೆಲಸದ ಹಗ್ಗ. ಭಾರವೆಲ್ಲ ಅದರ ಮೇಲೆ. ಇನ್ನೊಂದು ಸುರಕ್ಷತೆಯ ಹಗ್ಗ. ಅದು ಸಡಿಲವಾಗಿ ಪಕ್ಕದಲ್ಲಿರುತ್ತದೆ. ಎರಡಕ್ಕೂ ಬೇರೆ ಬೇರೆ ಆಂಕರ್, ಅಂದರೆ ಹಗ್ಗವನ್ನು ಮೇಲೆ ಬಿಗಿಯುವ ಗಟ್ಟಿ ಜಾಗ. ಕೆಲಸದ ಹಗ್ಗದಲ್ಲಿ ಡಿಸೆಂಡರ್ ಎಂಬ ಇಳಿಯುವ ಸಾಧನ ಇರುತ್ತದೆ. ಹಿಡಿ ಬಿಟ್ಟರೆ ತಾನೇ ನಿಲ್ಲುತ್ತದೆ. ಸುರಕ್ಷತೆಯ ಹಗ್ಗದ ಮೇಲೆ ಬ್ಯಾಕಪ್ ಸಾಧನ ನಮ್ಮ ಜೊತೆಗೇ ಜಾರಿಕೊಂಡು ಬರುತ್ತದೆ. ಮನುಷ್ಯ ಸರಕ್ಕನೆ ಜಾರಿದರೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಹಗ್ಗ ಸಾಮಾನ್ಯವಾಗಿ 11 ಮಿ.ಮೀ. ದಪ್ಪ, ಒಳಗೆ ನೈಲಾನ್ ಎಳೆಗಳ ತಿರುಳು, ಹೊರಗೆ ಹೆಣೆದ ಹೊದಿಕೆ. ನಾವು ಬಳಸುವ ದರ್ಜೆಯ ಹಗ್ಗ ಕನಿಷ್ಠ 22 ಕಿಲೋನ್ಯೂಟನ್, ಅಂದಾಜು 2,200 ಕಿಲೋ ಭಾರ ತಡೆಯಬೇಕು. ಹಗ್ಗದ ಕೊನೆಯಲ್ಲಿ ಗಂಟು ಕಡ್ಡಾಯ. ಹಗ್ಗ ಮುಗಿದದ್ದು ಗೊತ್ತಾಗದೆ ಇಳಿದವನು ಆ ಗಂಟಿನಲ್ಲಿ ನಿಲ್ಲಬೇಕು, ಗಾಳಿಯಲ್ಲಲ್ಲ.

ಎರಡನೇ ಹಗ್ಗ ದಿನವಿಡೀ ಸುಮ್ಮನೆ ತೂಗುತ್ತಿರುತ್ತದೆ. ಖರ್ಚು ಲೆಕ್ಕ ಹಾಕುವವರ ಕಣ್ಣು ಮೊದಲು ಬೀಳುವುದೇ ಅದರ ಮೇಲೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬಣ್ಣ ಬಳಿಯುವಾಗ ನೋಡಿ: ಟೆರೇಸಿನ ಯಾವುದೋ ಪಿಲ್ಲರಿಗೆ ಸುತ್ತಿದ ಒಂದೇ ಹಗ್ಗ, ಅದಕ್ಕೆ ಒಂದು ಹಲಗೆ, ಹಲಗೆಯ ಮೇಲೆ ಬರಿಗಾಲಿನ ಹುಡುಗ. ಆ ಹುಡುಗನ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಅವನನ್ನು ಹಾಗೆ ಇಳಿಸಿದ ಗುತ್ತಿಗೆದಾರನ ಬಗ್ಗೆ ಇಲ್ಲ. ಕೆಳಗೆ ನಿಂತು ‘ಎಂಥಾ ಧೈರ್ಯ!’ ಅನ್ನುವವರನ್ನು ಕಂಡರೂ ನನಗೆ ಕೋಪ ಬರುತ್ತದೆ. ನಮ್ಮ ಕೆಲಸದಲ್ಲಿ ಧೈರ್ಯಕ್ಕೆ ಸಂಬಳವಿಲ್ಲ. ಧೈರ್ಯ ತೋರಿಸುವವನನ್ನು ನಾನು ತಂಡಕ್ಕೆ ಸೇರಿಸಿಕೊಳ್ಳುವುದೂ ಇಲ್ಲ.

ಈಗ ರೆಕ್ಕೆಯ ಹತ್ತಿರ ಬರೋಣ. ಮೊದಲು ಯಂತ್ರ ನಿಲ್ಲಿಸಿ, ಒಂದು ರೆಕ್ಕೆ ನೇರ ಕೆಳಮುಖವಾಗಿ ನಿಲ್ಲುವಂತೆ ತಿರುಗಿಸಿ, ರೆಕ್ಕೆಗಳನ್ನು ಹೊತ್ತು ತಿರುಗುವ ರೋಟರಿಗೆ ಲಾಕ್ ಹಾಕುತ್ತೇವೆ. ನಾವು ಕೆಳಗಿಳಿಯುವ ತನಕ ಯಾರೂ ಅದನ್ನು ಚಾಲೂ ಮಾಡದಂತೆ ಬೀಗವೂ ಚೀಟಿಯೂ ಬೀಳುತ್ತದೆ. ಆಮೇಲೆ ಮೇಲಿನ ಆಂಕರುಗಳಿಂದ ಹಗ್ಗ ಬಿಟ್ಟು ಇಳಿಯುವುದು. ಡ್ರೋನ್ ತೆಗೆದ ಫೋಟೋ ಕೈಯಲ್ಲಿರುತ್ತದೆ. ‘ಡ್ರೋನ್ ಬಂದ ಮೇಲೆ ನಿಮ್ಮ ಕೆಲಸ ಹೋಯಿತಲ್ಲ’ ಎಂದು ಕೇಳುತ್ತಾರೆ. ಯಾವ ರೆಕ್ಕೆಗೆ ಇಳಿಯಬೇಕು ಎಂದು ಆರಿಸಲು ಡ್ರೋನ್ ಬಲು ಉಪಯೋಗಿ. ಬೇಡದ ಎಷ್ಟೋ ಇಳಿತಗಳನ್ನು ಅದು ತಪ್ಪಿಸಿದೆ. ಆದರೆ ಅದು ಕಣ್ಣು ಮಾತ್ರ. ಮೇಲ್ಮೈ ನುಣ್ಣಗಿದ್ದು ಒಳಗೆ ಪದರ ಬಿಟ್ಟುಕೊಂಡಿದ್ದರೆ ಫೋಟೋದಲ್ಲಿ ಕಾಣದು. ನಾವು ಸಣ್ಣ ಸುತ್ತಿಗೆಯಿಂದ ಗೇಣು ಗೇಣಿಗೂ ತಟ್ಟುತ್ತಾ ಹೋಗುತ್ತೇವೆ, ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ. ಗಟ್ಟಿ ಇದ್ದಲ್ಲಿ ಟಕ್ ಎಂಬ ಚುರುಕು ಸದ್ದು. ಪದರ ಬಿಟ್ಟಲ್ಲಿ ಸದ್ದು ಮಂಕಾಗುತ್ತದೆ. ಆ ಮಂಕು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಮಾರ್ಕರಿನಿಂದ ಗೆರೆ ಎಳೆದರೆ ರಿಪೇರಿಯ ನಕ್ಷೆ ಸಿಕ್ಕಿತು. ಅಂಗೈ ಅಗಲ ಅಂದುಕೊಂಡದ್ದು ಮೊಳದುದ್ದ ಆಗುವುದು ಈ ಹಂತದಲ್ಲೇ.

ಕೆಟ್ಟ ಪದರವನ್ನು ಮೆಟ್ಟಿಲು ಮೆಟ್ಟಿಲಾಗಿ ಉಜ್ಜಿ ತೆಗೆಯಬೇಕು. ಆಮೇಲೆ ಗ್ಲಾಸ್ ಬಟ್ಟೆಯ ತುಂಡುಗಳನ್ನು ಮೂಲದ ಪದರ ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ, ಅಳತೆಗೆ ತಕ್ಕಂತೆ ಎಪಾಕ್ಸಿಯಲ್ಲಿ ನೆನೆಸಿ ಕೂರಿಸಬೇಕು. ರೋಲರ್ ಹಾಯಿಸಿ ಗಾಳಿಗುಳ್ಳೆ ಹೊರಡಿಸಬೇಕು. ಎಪಾಕ್ಸಿಯ ಎರಡು ಭಾಗಗಳನ್ನು ತೂಕದ ಲೆಕ್ಕದಲ್ಲೇ ಬೆರೆಸಬೇಕು, ಕಣ್ಣಂದಾಜು ನಡೆಯುವುದಿಲ್ಲ. ಬೆರೆಸಿದ ಗಳಿಗೆಯಿಂದ ಗಡಿಯಾರ ಓಡುತ್ತದೆ, ಡಬ್ಬಿಯಲ್ಲೇ ಗಟ್ಟಿಯಾದರೆ ಎಸೆಯಬೇಕು. ತೇವವಿದ್ದರೆ ಅಂಟು ಹಿಡಿಯದು. ಧನುರ್ಮಾಸದ ಬೆಳಗ್ಗೆ ರೆಕ್ಕೆಯ ಮೇಲೆ ಇಬ್ಬನಿ ಕೂತಿರುತ್ತದೆ. ಬಿಸಿಲೇರುವ ತನಕ ಮೇಲೆ ಕೂತು ಕಾಯುವುದೇ ಕೆಲಸ. ಹಾಗಾದರೆ ಬೇರೆ ಕಾಲದಲ್ಲಿ ಮಾಡಬಾರದೇ? ಆಷಾಢದ ಗಾಳಿಗೆ ಯಂತ್ರ ನಿಲ್ಲಿಸಿ ಅಂದರೆ ಮಾಲೀಕ ಒಪ್ಪುವುದಿಲ್ಲ, ವರ್ಷದ ಸಂಪಾದನೆಯ ದೊಡ್ಡ ಪಾಲು ಆಗಲೇ ಬರುವುದು. ಒಪ್ಪಿದರೂ ಆ ಗಾಳಿಯಲ್ಲಿ ನಾವು ಇಳಿಯುವುದಿಲ್ಲ. ಹೀಗಾಗಿ ಗಾಳಿ ಬಿದ್ದ ತಿಂಗಳುಗಳೇ ನಮಗೆ ಸುಗ್ಗಿ.

ಸಿವಿಲ್ ವಿಭಾಗದವರಿಗಾಗಿ ಒಂದು ಉದಾಹರಣೆ. 2011ರ ಆಗಸ್ಟ್ 23ರಂದು ಅಮೆರಿಕದಲ್ಲಿ 5.8 ತೀವ್ರತೆಯ ಭೂಕಂಪವಾಗಿ ವಾಷಿಂಗ್ಟನ್ ಸ್ಮಾರಕದ ಕಲ್ಲುಗಳು ಬಿರುಕುಬಿಟ್ಟವು. ಅದು ಸುಮಾರು 169 ಮೀಟರ್ ಎತ್ತರದ ಕಲ್ಲಿನ ಕಂಬ. ಸೆಪ್ಟೆಂಬರ್ ಕೊನೆಗೆ ಎಂಜಿನಿಯರುಗಳೇ ತುದಿಯಿಂದ ಹಗ್ಗದಲ್ಲಿ ಇಳಿದು ನಾಲ್ಕೂ ಮುಖಗಳನ್ನು ಪರೀಕ್ಷಿಸಿದರು. ಬಿರುಕು ನೋಡಿದವನೇ ಬಿರುಕಿನ ಅರ್ಥವನ್ನೂ ಬಲ್ಲವನಾಗಿದ್ದ, ಅದು ದೊಡ್ಡ ಲಾಭ. ಆದರೆ ರಿಪೇರಿಗೆ ಅವರು ಹಗ್ಗವನ್ನು ನೆಚ್ಚಿಕೊಳ್ಳಲಿಲ್ಲ. ಸ್ಮಾರಕದ ಸುತ್ತ ಬುಡದಿಂದ ತುದಿಯವರೆಗೆ ಸ್ಕ್ಯಾಫೋಲ್ಡಿಂಗ್ ಕಟ್ಟಿದರು; ಸ್ಮಾರಕ ಮತ್ತೆ ತೆರೆದದ್ದು 2014ರ ಮೇ ತಿಂಗಳಲ್ಲಿ. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ. ಭಾರದ ಕಲ್ಲು, ಗಾರೆ, ತಿಂಗಳುಗಟ್ಟಲೆ ಕೆಲಸ ಇರುವಲ್ಲಿ ಕಾಲಿಗೆ ನೆಲ ಸಿಗಬೇಕು. ಎಲ್ಲದಕ್ಕೂ ಹಗ್ಗವೇ ಅನ್ನುವ ಕಂಪನಿಯನ್ನು ನಂಬಬೇಡಿ, ಅದು ನನ್ನದೇ ಕಂಪನಿಯಾದರೂ.

ಇನ್ನು ಅಪಾಯದ ಮಾತು. ಹಗ್ಗ ತಾನಾಗಿ ಭಾರಕ್ಕೆ ಹರಿಯುವುದು ಅಪರೂಪ. ಚೂಪು ಅಂಚು ಅದನ್ನು ಕತ್ತರಿಸುತ್ತದೆ, ಗ್ರೈಂಡರಿನ ಕಿಡಿ ಸುಡುತ್ತದೆ, ಬ್ಯಾಟರಿ ಆ್ಯಸಿಡ್ ಸದ್ದಿಲ್ಲದೆ ತಿನ್ನುತ್ತದೆ. ಅಂಚು ಇದ್ದಲ್ಲೆಲ್ಲ ಹಗ್ಗಕ್ಕೆ ಹೊದಿಕೆ ಹಾಕುತ್ತೇವೆ, ಇಲ್ಲವೇ ಹಗ್ಗವನ್ನೇ ಪಕ್ಕಕ್ಕೆ ಎಳೆದು ಕಟ್ಟುತ್ತೇವೆ. ಸ್ಪ್ಯಾನರ್‌ನಿಂದ ಮಾರ್ಕರ್ ಪೆನ್ನಿನವರೆಗೆ ಎಲ್ಲಕ್ಕೂ ದಾರ. ಭಾರದ ಸಲಕರಣೆಗೆ ಅದರದೇ ಬೇರೆ ಹಗ್ಗ.

ಇನ್ನೊಂದನ್ನು ಹೊರಗಿನವರು ಊಹಿಸುವುದಿಲ್ಲ. ಪ್ರಜ್ಞೆ ತಪ್ಪಿ ಹಾರ್ನೆಸ್ಸಿನಲ್ಲಿ, ಅಂದರೆ ಮೈಗೆ ಬಿಗಿದ ಪಟ್ಟಿಗಳಲ್ಲಿ, ಅಲುಗಾಡದೆ ನೇತಾಡುವುದೇ ಪ್ರಾಣಕ್ಕೆ ಕುತ್ತು, ಏಕೆಂದರೆ ರಕ್ತ ಕಾಲಿನಲ್ಲೇ ನಿಂತುಬಿಡುತ್ತದೆ. ಅವನನ್ನು ಬೇಗ ಇಳಿಸಬೇಕು. ಅಗ್ನಿಶಾಮಕ ದಳ ಗುಡ್ಡ ಹತ್ತಿ ಬರುವ ತನಕ ಕಾಯುವಂತಿಲ್ಲ. ಅದಕ್ಕೇ ಒಬ್ಬನೇ ಎಂದೂ ಇಳಿಯಬಾರದು, ಮತ್ತು ಪಾರುಮಾಡುವ ಯೋಜನೆ ಕಾಗದದ ಮೇಲಿದ್ದರೆ ಸಾಲದು. ಬೆಳಗ್ಗೆ ಕೆಲಸ ಶುರುವಾಗುವ ಮೊದಲೇ ಇಂದು ಯಾರು, ಯಾವ ಹಗ್ಗದಿಂದ, ಹೇಗೆ ಇಳಿಸುವುದು ಎಂದು ಮಾತಾಗಿರಬೇಕು.

ಸೇರುವ ಆಸೆ ಇರುವವರಿಗೆ: 18 ತುಂಬಿರಬೇಕು. ಐರಾಟಾ ಪದ್ಧತಿಯಲ್ಲಿ ನಾಲ್ಕು ದಿನದ ತರಬೇತಿ, ಐದನೇ ದಿನ ಹೊರಗಿನ ಪರೀಕ್ಷಕರು ಬಂದು ನೋಡುತ್ತಾರೆ. ಪಾಸಾದರೆ ಲೆವೆಲ್ 1. ಒಂದು ವರ್ಷ ಮತ್ತು ಹಗ್ಗದ ಮೇಲೆ 1,000 ಗಂಟೆ ದುಡಿದ ಲೆಕ್ಕ ಲಾಗ್‌ಬುಕ್ಕಿನಲ್ಲಿ ತುಂಬಿದ ಮೇಲೆ ಲೆವೆಲ್ 2. ಮತ್ತೆ ಅಷ್ಟೇ ದುಡಿದರೆ ಮೇಲ್ವಿಚಾರಣೆ ಮಾಡುವ ಲೆವೆಲ್ 3. ಮೂರು ವರ್ಷಕ್ಕೊಮ್ಮೆ ಎಲ್ಲರೂ ಮತ್ತೆ ಪರೀಕ್ಷೆಗೆ ಕೂರಬೇಕು, ನಾನೂ ಸೇರಿ. ಕೇವಲ ಇಳಿಯಲು ಬಂದರೆ ಯಾರೂ ಕೆಲಸ ಕೊಡುವುದಿಲ್ಲ. ವೆಲ್ಡಿಂಗ್, ಫೈಬರ್ ಕೆಲಸ, ಅಲ್ಟ್ರಾಸೋನಿಕ್ ಪರೀಕ್ಷೆ, ಪೇಂಟಿಂಗ್ ಹೀಗೆ ಒಂದು ಕಸುಬು ನೆಲದ ಮೇಲೆ ಚೆನ್ನಾಗಿ ಕಲಿತು ಬನ್ನಿ.

ಪ್ರಶ್ನೆಗಳಿದ್ದರೆ ಕೇಳಿ. ಮೇಜಿನ ಮೇಲೆ ಡಿಸೆಂಡರ್, ಬ್ಯಾಕಪ್, ಹಾರ್ನೆಸ್ ಇಟ್ಟಿದ್ದೇನೆ, ಮುಟ್ಟಿ ನೋಡಬಹುದು. ನೆಲದ ಮೇಲಿನ ಹಗ್ಗವನ್ನು ಮಾತ್ರ ದಯವಿಟ್ಟು ತುಳಿಯಬೇಡಿ. ಚಪ್ಪಲಿಯ ಮರಳು ಹೊದಿಕೆಯೊಳಗೆ ಹೊಕ್ಕರೆ ಎಳೆಗಳನ್ನು ಕೊಯ್ಯುತ್ತದೆ, ಆ ಹಗ್ಗದ ಮೇಲೆ ನಾನು ಸೋಮವಾರ ಇಳಿಯಬೇಕು.