ಜಾವಾ: ಎರರ್ ಇಲ್ಲ, ಲೆಕ್ಕ ಮಾತ್ರ ತಪ್ಪು

ನಮಸ್ಕಾರ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ದರಕ್ಕೆ ಹೋಗುತ್ತದೆ, ಅಲ್ವಾ? ಆ ಲೆಕ್ಕಕ್ಕೆ ಒಂದು ಜಾವಾ ಪ್ರೋಗ್ರಾಂ ಬರೆಯೋಣ. ಆಬ್ಜೆಕ್ಟ್‌ಗಳನ್ನು ತಯಾರಿಸುವ ಅಚ್ಚೇ ಕ್ಲಾಸ್. ನಮ್ಮ ಕ್ಲಾಸಿನ ಹೆಸರು ಅಡಿಕೆ. ಅದರಲ್ಲಿ ಬಗೆ, ದರ ಅಂತ ಎರಡು ಫೀಲ್ಡ್, ಅಂದರೆ ಮಾಹಿತಿ ಇಡುವ ಜಾಗ.

[ಪರದೆ: ಅಡಿಕೆ ಕ್ಲಾಸ್. ಕನ್‌ಸ್ಟ್ರಕ್ಟರ್ ಮುಂದಿನ 'ವಾಯ್ಡ್' ಕೆಂಪು ಬಣ್ಣದಲ್ಲಿ]

ಹೊಸ ಆಬ್ಜೆಕ್ಟ್ ತಯಾರಾಗುವಾಗ ಓಡುವ ಕೋಡೇ ಕನ್‌ಸ್ಟ್ರಕ್ಟರ್. ಅದಕ್ಕೆ ಕ್ಲಾಸಿನದೇ ಹೆಸರು. ರಿಟರ್ನ್ ಟೈಪ್, ಅಂದರೆ ಏನನ್ನು ಹಿಂತಿರುಗಿಸುತ್ತದೆ ಅನ್ನುವ ಗುರುತು, ಇರುವುದಿಲ್ಲ. ಕೈ ಅಭ್ಯಾಸಕ್ಕೆ 'ಏನೂ ಹಿಂತಿರುಗಿಸುವುದಿಲ್ಲ' ಅನ್ನುವ ವಾಯ್ಡ್ ಬರೆದುಬಿಟ್ಟರೆ ಅದು ಮಾಮೂಲಿ ಮೆಥಡ್ ಆಗುತ್ತದೆ. ಕಂಪೈಲರ್ ಸುಮ್ನೆ ಒಪ್ಪಿಕೊಳ್ಳುತ್ತದೆ. ಆಮೇಲೆ 'ನ್ಯೂ ಅಡಿಕೆ()' ಅಂದರೆ ಜಾವಾ ತಾನೇ ಕೊಡುವ ಖಾಲಿ ಕನ್‌ಸ್ಟ್ರಕ್ಟರ್ ಓಡುತ್ತದೆ. ನೀವು ಬರೆದದ್ದನ್ನು ಯಾರೂ ಕರೆಯುವುದೇ ಇಲ್ಲ. ಬಗೆ ನಲ್, ಅಂದರೆ ಏನೂ ಇಲ್ಲ; ದರ ಸೊನ್ನೆ.

ಹೊರಗಿನಿಂದ ಬರುವ ಮೌಲ್ಯ ಹಿಡಿಯುವ ಪ್ಯಾರಾಮೀಟರಿಗೂ ಫೀಲ್ಡಿಗೂ ಒಂದೇ ಹೆಸರಿಟ್ಟು 'ದರ = ದರ' ಅಂತ ಬರೆದರೂ ಇದೇ ಗತಿ. ಪ್ಯಾರಾಮೀಟರ್ ತನಗೆ ತಾನೇ ಸೇರುತ್ತದೆ, ಫೀಲ್ಡ್ ಸೊನ್ನೆಯಾಗೇ ಉಳಿಯುತ್ತದೆ. ಎಡಗಡೆ 'ದಿಸ್.ದರ' (ಈ ಆಬ್ಜೆಕ್ಟಿನ ದರ) ಅಂತಲೇ ಬರೆಯಿರಿ.

[ಪರದೆ: ಬಗೆ == "ರಾಶಿ"]

ಈಗ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಜಾಸ್ತಿ ಜನ ಎಡವುವುದು ಇಲ್ಲೇ. ಎರಡು ಚೀಲದಲ್ಲೂ ಒಂದೇ ತರದ ರಾಶಿ ಇರಬಹುದು. ಆದರೆ == ಕೇಳುವುದು 'ಎರಡೂ ಅದೇ ಚೀಲವಾ?' ಅಂತ. ಒಳಗಿನದನ್ನು ನೋಡುವುದು ಈಕ್ವಲ್ಸ್.

ಕೋಡಿನಲ್ಲೇ "ರಾಶಿ" ಅಂತ ಎರಡು ಕಡೆ ಬರೆದು == ಹಾಕಿ ನೋಡಿದರೆ ಟ್ರೂ ಬರುತ್ತದೆ. ಕೋಡಿನಲ್ಲಿ ನೇರವಾಗಿ ಬರೆದ ಒಂದೇ ತರದ ಸ್ಟ್ರಿಂಗುಗಳಿಗೆ ಜಾವಾ ಸ್ಟ್ರಿಂಗ್ ಪೂಲ್ ಅನ್ನುವ ಸಂಗ್ರಹದಲ್ಲಿರುವ ಒಂದೇ ಆಬ್ಜೆಕ್ಟ್ ಕೊಡುತ್ತದೆ. ಅದನ್ನು ನೋಡಿ ನಂಬಬೇಡಿ. ಅದೇ ಪದವನ್ನು ಟೈಪ್ ಮಾಡಿದ್ದನ್ನು ಓದುವ ಸ್ಕ್ಯಾನರ್‌ನಿಂದ ಓದಿಸಿ, ಫಾಲ್ಸ್ ಬರುತ್ತದೆ, ಏಕೆಂದರೆ ಅದು ಹೊಸ ಆಬ್ಜೆಕ್ಟ್.

"ರಾಶಿ".ಈಕ್ವಲ್ಸ್(ಬಗೆ) ಅಂತ ಬರೆಯುವುದು ನನಗೆ ಇಷ್ಟ. ಬಗೆ ನಲ್ ಆಗಿದ್ದರೂ ಪ್ರೋಗ್ರಾಂ ಬೀಳುವುದಿಲ್ಲ, ಫಾಲ್ಸ್ ಕೊಟ್ಟು ಮುಂದೆ ಹೋಗುತ್ತದೆ.

[ಪರದೆ: ಗೊರಬಲು, ಗೊರಬಲು]

ಕನ್ನಡದಲ್ಲಿ ಡೇಟಾ ಇಡುವವರು ಇದನ್ನು ತಿಳಿದಿರಲೇಬೇಕು. 'ಗೊ' ಅಕ್ಷರದ ಒ ಗುರುತನ್ನು, ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು. ಎ ಗುರುತು, ಊ ಗುರುತು ಅಂತ ಎರಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಗೊರಬಲು. ಈಕ್ವಲ್ಸ್ ಮಾತ್ರ ಫಾಲ್ಸ್ ಅನ್ನುತ್ತದೆ. ಜಾವಾದಲ್ಲೇ ಇರುವ ನಾರ್ಮಲೈಸರ್ ಬಳಸಿ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಗುರುತುಗಳನ್ನು ಒಂದೇ ಸಂಕೇತವಾಗಿ ಸೇರಿಸಿದ ರೂಪಕ್ಕೆ, ತನ್ನಿ, ಆಮೇಲೆ ಹೋಲಿಸಿ. ಡೇಟಾ ಒಳಗೆ ಬರುವಾಗಲೇ ಇದನ್ನು ಮಾಡಿಬಿಡಿ. ಇಲ್ಲದಿದ್ದರೆ ತಿಂಗಳ ಕೊನೆಯ ಪಟ್ಟಿಯಲ್ಲಿ ಗೊರಬಲಿನ ಮೊತ್ತ ಎರಡು ಸಾಲಾಗಿ ಒಡೆದು ಬರುತ್ತದೆ.