ಸಂಗಾತಿ ವೀಸಾ ತಡವಾಗುತ್ತಿದೆಯಾ? ಫೈಲ್ ಈಗ ಯಾರ ಮೇಜಿನ ಮೇಲಿದೆ ನೋಡಿ

[ಡೊಂಬಿವಲಿಯ ಮನೆ. ಊಟದ ಮೇಜು. ಅದರ ಮೇಲೆ ದಪ್ಪನೆಯ ಒಂದು ನೀಲಿ ಫೈಲ್.]

ನಮಸ್ಕಾರ. ಈ ಫೈಲ್ ನೋಡಿ. ಇದಕ್ಕೆ ನನ್ನ ಮಗಳಿಗಿಂತ ಎಂಟು ತಿಂಗಳು ವಯಸ್ಸು ಜಾಸ್ತಿ.

ನನ್ನ ಗಂಡ ಅಮೆರಿಕದ ನ್ಯೂ ಜೆರ್ಸಿಯಲ್ಲಿ, ಗ್ರೀನ್ ಕಾರ್ಡ್ ಮೇಲೆ, ಅಂದರೆ ಅಲ್ಲಿ ಕಾಯಂ ಇರುವ ಅನುಮತಿ ಮೇಲೆ ಇದ್ದಾರೆ. ನಾನು ಇಲ್ಲಿ ಡೊಂಬಿವಲಿಯಲ್ಲಿ ಅತ್ತೆ, ಮಾವ, ಮಗಳ ಜೊತೆ. 2021ರ ಡಿಸೆಂಬರ್‌ನಲ್ಲಿ ಕುಂದಾಪುರದ ಕಡೆ ನಮ್ಮ ಮದುವೆ ಆಯಿತು. 2022ರ ಮಾರ್ಚ್‌ನಲ್ಲಿ ನನ್ನ ಸಂಗಾತಿ ವೀಸಾಗೆ ಅರ್ಜಿ ಹಾಕಿದೆವು. ಇನ್ನೂ ಕಾಯುತ್ತಿದ್ದೇನೆ. ಮುಂಬೈ, ಠಾಣೆ, ಪುಣೆಯ ಕನ್ನಡದವರ ಮನೆಗಳಲ್ಲಿ ನನ್ನ ಹಾಗೆ ಕಾಯುತ್ತಿರುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಗಂಡುಮಕ್ಕಳೂ ಇದ್ದಾರೆ. ಅವರಿಗಾಗಿ ಈ ವಿಡಿಯೋ.

ನಾನು ವಕೀಲೆ ಅಲ್ಲ. ಆದರೆ ಇಷ್ಟು ದಿನದಲ್ಲಿ ಒಂದು ವಿಷಯ ಗೊತ್ತಾಗಿದೆ. "ತಡ ಆಗ್ತಿದೆ" ಅಂತ ಕೊರಗುವ ಬದಲು "ನಮ್ಮ ಫೈಲ್ ಈಗ ಯಾರ ಮೇಜಿನ ಮೇಲಿದೆ?" ಅಂತ ಕೇಳಬೇಕು. ಅದು ಗೊತ್ತಾದರೆ ಏನು ಮಾಡಬಹುದು, ಯಾವುದಕ್ಕೆ ಸುಮ್ನೆ ಕಾಯಬೇಕು ಎರಡೂ ತಿಳಿಯುತ್ತದೆ.

[ತೆರೆಯ ಮೇಲೆ ನಾಲ್ಕು ಮೇಜುಗಳ ಚಿತ್ರ]

ಮೊದಲನೆಯ ಮೇಜು ಅಮೆರಿಕದ ವಲಸೆ ಇಲಾಖೆಯದು, ಯುಎಸ್‌ಸಿಐಎಸ್. ಅಲ್ಲಿರುವ ಗಂಡ ಅಥವಾ ಹೆಂಡತಿ ಐ-130 ಎಂಬ ಅರ್ಜಿ ಹಾಕುತ್ತಾರೆ. ಇವರು ನನ್ನ ಸಂಗಾತಿ, ನಮ್ಮದು ನಿಜವಾದ ಮದುವೆ ಅಂತ ಹೇಳುವ ಅರ್ಜಿ ಅದು. ಅರ್ಜಿ ಅವರ ಕೈ ಸೇರಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ಸರದಿಯಲ್ಲಿ ನಿಮ್ಮ ಜಾಗ ಹೇಳುವ ದಿನಾಂಕ. ರಸೀದಿಯಲ್ಲಿ ಬಂದಿರುತ್ತದೆ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆದರೆ ರಸೀದಿ ನಂಬರನ್ನು ಯಾವ ವಾಟ್ಸಾಪ್ ಗುಂಪಿನಲ್ಲೂ ಹಾಕಬೇಡಿ.

ಇಂಥ ಅರ್ಜಿಗೆ ಎಷ್ಟು ತಿಂಗಳು ಹಿಡಿಯುತ್ತಿದೆ ಅಂತ ಅವರ ವೆಬ್‌ಸೈಟ್‌ನಲ್ಲೇ ಇರುತ್ತದೆ. ಆ ಅವಧಿ ದಾಟಿದರೆ ಮಾತ್ರ ವಿಚಾರಣೆ ಹಾಕಲು ಅವಕಾಶ. ಅಲ್ಲಿರುವ ಸಂಗಾತಿ ತಮ್ಮ ಕ್ಷೇತ್ರದ ಸಂಸದರ ಕಚೇರಿಯಿಂದಲೂ ಫೈಲ್ ಬಗ್ಗೆ ಕೇಳಿಸಬಹುದು. ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಕೊಟ್ಟರೆ ಸಾಕು, ದುಡ್ಡು ಬೇಕಿಲ್ಲ. ಅದರಿಂದ ಸರದಿ ಮುಂದೆ ಹೋಗುವುದಿಲ್ಲ. ಆದರೆ ಫೈಲ್ ಎಲ್ಲೋ ಮೂಲೆಗೆ ಬಿದ್ದಿದ್ದರೆ ಗೊತ್ತಾಗುತ್ತದೆ.

ಎರಡನೆಯದು ಮೇಜೇ ಅಲ್ಲ, ಅದೊಂದು ಕ್ಯೂ. ಮನೆಮನೆಯಲ್ಲಿ ಗೊಂದಲ ಆಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಸಂಗಾತಿ ಅಮೆರಿಕದ ಪ್ರಜೆ ಆಗಿದ್ದರೆ ಈ ಕ್ಯೂ ಇಲ್ಲ. ಪ್ರಜೆಗಳ ಗಂಡ ಹೆಂಡತಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಗ್ರೀನ್ ಕಾರ್ಡ್ ಮಾತ್ರ ಇದ್ದರೆ ನೀವು ಎಫ್2ಎ ಎಂಬ ಗುಂಪಿನಲ್ಲಿ ಇರುತ್ತೀರಿ. ಅದರಲ್ಲಿ ಸಂಗಾತಿಗಳೂ 21 ವರ್ಷದೊಳಗಿನ ಮದುವೆಯಾಗದ ಮಕ್ಕಳೂ ಸೇರುತ್ತಾರೆ. ಇಡೀ ಪ್ರಪಂಚಕ್ಕೆ ವರ್ಷಕ್ಕೆ ಸುಮಾರು 87,900 ವೀಸಾ. ಬೇಕಾದವರು ಅದಕ್ಕಿಂತ ಜಾಸ್ತಿ ಆದರೆ ಕ್ಯೂ ಬೆಳೆಯುತ್ತದೆ.

ಈ ಕ್ಯೂ ಯಾವ ಪ್ರಯಾರಿಟಿ ಡೇಟ್ ತನಕ ಬಂತು ಅಂತ ಹೇಳುವುದೇ ವೀಸಾ ಬುಲೆಟಿನ್. ಪ್ರತಿ ತಿಂಗಳೂ ಬರುತ್ತದೆ. ಅದರಲ್ಲಿ ಎರಡು ಪಟ್ಟಿ ಇರುತ್ತವೆ. ವೀಸಾ ಕೈಗೆ ಕೊಡಬಹುದಾದ ದಿನಾಂಕ ಒಂದರಲ್ಲಿ, ಕಾಗದಪತ್ರ ತಯಾರು ಮಾಡಲು ಶುರು ಮಾಡಬಹುದಾದ ದಿನಾಂಕ ಇನ್ನೊಂದರಲ್ಲಿ. ಎರಡನೆಯ ಪಟ್ಟಿ ಸಾಮಾನ್ಯವಾಗಿ ಸ್ವಲ್ಪ ಮುಂದಿರುತ್ತದೆ. ಅದನ್ನು ನೋಡಿ ಸೂಟ್‌ಕೇಸ್ ಇಳಿಸಿದವರು ಎಷ್ಟೋ ಜನ. ದಯವಿಟ್ಟು ಮೊದಲನೆಯ ಪಟ್ಟಿ ನೋಡಿ.

ಇನ್ನೊಂದು ಮಾತು. ಈ ದಿನಾಂಕ ಮುಂದಕ್ಕೆ ಮಾತ್ರ ಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. 2019ರ ಜುಲೈನಿಂದ ಎಫ್2ಎಗೆ ಕ್ಯೂನೇ ಇರಲಿಲ್ಲ, ಬುಲೆಟಿನ್‌ನಲ್ಲಿ "ಕರೆಂಟ್" ಅಂತಲೇ ಬರುತ್ತಿತ್ತು. ನಾವು ಅರ್ಜಿ ಹಾಕಿದಾಗಲೂ ಹಾಗೇ ಇತ್ತು. ಒಂದು ವರ್ಷದಲ್ಲಿ ಹೊರಡಬಹುದು ಅಂತ ಎಲ್ಲರೂ ಹೇಳಿದರು. ನಾನು ನಂಬಿದೆ. 2023ರ ಫೆಬ್ರವರಿಯಲ್ಲಿ, ಮಗಳಿಗೆ ಮೂರು ತಿಂಗಳಿದ್ದಾಗ, ಹೆರಿಗೆ ರಜೆಯಲ್ಲೇ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಇನ್ನೇನು ಹೊರಡುವುದೇ ಅಲ್ವಾ ಅಂತ.

ಮರು ತಿಂಗಳು, ಮಾರ್ಚ್ ತಿಂಗಳಲ್ಲೇ, ಏಪ್ರಿಲ್ ಬುಲೆಟಿನ್ ಬಂತು. ಎಫ್2ಎ ದಿನಾಂಕ ಒಮ್ಮೆಲೇ 2020ರ ಸೆಪ್ಟೆಂಬರ್ 8ಕ್ಕೆ ಹಿಂದೆ ಹೋಗಿತ್ತು. ನಮ್ಮದು 2022ರ ಅರ್ಜಿ. ಆ ರಾತ್ರಿ ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಯಾರಿಗೂ ಕೇಳಬಾರದಲ್ಲ.

ಯಾರದ್ದೂ ತಪ್ಪಿರಲಿಲ್ಲ. ಅರ್ಜಿಗಳು ಜಾಸ್ತಿ ಆಗಿದ್ದವು, ವೀಸಾ ಅಷ್ಟೇ ಇದ್ದವು. ಆದರೆ ಕೆಲಸ ಹೋಗಿದ್ದು ಹೋಯಿತು. ಮುಂದೆ ಒಂದೂವರೆ ವರ್ಷ ಬಿಟ್ಟು ಠಾಣೆಯಲ್ಲಿ ಇನ್ನೊಂದು ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಹಾಗಾಗಿ ಹೇಳುತ್ತೇನೆ, ವೀಸಾ ಮುದ್ರೆ ಬಿದ್ದ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಕೆಲಸ ಬಿಡಬೇಡಿ. ಮನೆ ಖಾಲಿ ಮಾಡಬೇಡಿ. ಟಿಕೆಟ್ ತೆಗೆಯಬೇಡಿ.

[ನೀಲಿ ಫೈಲ್ ತೆರೆಯುತ್ತಾ]

ಮೂರನೆಯ ಮೇಜು ಎನ್‌ವಿಸಿ, ನ್ಯಾಷನಲ್ ವೀಸಾ ಸೆಂಟರ್. ಇದು ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿದೆ. ಐ-130 ಪಾಸಾದ ಮೇಲೆ ಫೈಲ್ ಇಲ್ಲಿಗೆ ಬರುತ್ತದೆ. ಮುಂಬೈ ಕೇಸುಗಳ ನಂಬರ್ ಬಿಎಂಬಿ ಅಂತ ಶುರುವಾಗುತ್ತದೆ. ವೀಸಾ ಅರ್ಜಿಗೆ ತಲಾ 325 ಡಾಲರ್, ಸ್ಪಾನ್ಸರ್ ಕಾಗದ ನೋಡಲು 120 ಡಾಲರ್ ಕಟ್ಟಬೇಕು. ಡಿಎಸ್-260 ಎಂಬ ಫಾರ್ಮ್ ತುಂಬಬೇಕು. ಅಲ್ಲಿರುವ ಸಂಗಾತಿ ಐ-864 ಕೊಡಬೇಕು. ನಾನು ಇವರನ್ನು ಸಾಕುತ್ತೇನೆ ಅಂತ ಬರೆದುಕೊಡುವ ಮುಚ್ಚಳಿಕೆ ಅದು. ಅವರ ಆದಾಯ ಅಮೆರಿಕದ ಬಡತನದ ಮಟ್ಟದ ಶೇಕಡಾ 125 ಆದರೂ ಇರಬೇಕು. ಸಾಲದಿದ್ದರೆ ಇನ್ನೊಬ್ಬರು ಜೊತೆ ಸ್ಪಾನ್ಸರ್ ಆಗಬಹುದು.

ಈ ಮೇಜಿನ ತಡ ಮಾತ್ರ ಬಹಳಷ್ಟು ನಮ್ಮ ಕೈಯಲ್ಲೇ ಇದೆ. ನಮ್ಮ ಕನ್ನಡದವರ ಫೈಲ್ ಇಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಒಂದು ಕಾರಣಕ್ಕೆ: ಹೆಸರು.

ನನ್ನದನ್ನೇ ನೋಡಿ. ಜನನ ಪತ್ರದಲ್ಲಿ ನನ್ನ ಹೆಸರೇ ಇರಲಿಲ್ಲ. ಬರೀ "ಹೆಣ್ಣು" ಅಂತ ಇತ್ತು. ಆಸ್ಪತ್ರೆಯಲ್ಲಿ ಬರೆಸುವಾಗ ನಾಮಕರಣ ಆಗಿರಲಿಲ್ಲವಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಒಂದು ಇನಿಷಿಯಲ್. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಮಾಡಿಸಿದ ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿ ಇಲ್ಲಿನ ಪದ್ಧತಿ ಪ್ರಕಾರ ನಡುವೆ ಗಂಡನ ಹೆಸರು, ಕೊನೆಗೆ ಮನೆತನದ ಹೆಸರು. ಅಮ್ಮನ ಹೆಸರು ಒಂದು ಕಡೆ ಗಿರಿಜಾ, ಇನ್ನೊಂದು ಕಡೆ ಗಿರಿಜಮ್ಮ. ನಮಗೆ ಇದೆಲ್ಲ ಒಂದೇ. ಫೈಲ್ ನೋಡುವವರಿಗೆ ನಾಲ್ಕು ಬೇರೆ ಬೇರೆ ಹೆಂಗಸರು!

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರಿಗೆ ಇನ್ನೂ ಒಂದು ತೊಡಕು. ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಅಲ್ಲಿನ ಕಾಗದಗಳಲ್ಲೆಲ್ಲ ಅದೇ ಹೆಸರು ಬೆನ್ನು ಹತ್ತುತ್ತದೆ. ಕಾಯುವ ಸಮಯ ಇದೆಯಲ್ಲ, ಅದರಲ್ಲೇ ಪಾಸ್‌ಪೋರ್ಟ್ ಸರಿ ಮಾಡಿಸಿ. ಆಮೇಲೆ ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸಿ.

ಜನನ ಪತ್ರಕ್ಕೆ ಹೆಸರು ಸೇರಿಸಲು ಕಾನೂನಿನಲ್ಲೇ ಅವಕಾಶ ಇದೆ. ಜನನ ಎಲ್ಲಿ ನೋಂದಣಿ ಆಗಿದೆಯೋ ಅಲ್ಲೇ ಮಾಡಿಸಬೇಕು. ನಮ್ಮ ಅಮ್ಮ ಊರಲ್ಲಿ ಓಡಾಡಿ ಮಾಡಿಸಿಕೊಟ್ಟರು. ನೋಂದಣಿಯೇ ಆಗಿಲ್ಲದಿದ್ದರೆ ಅಲ್ಲಿಂದ "ದಾಖಲೆ ಲಭ್ಯವಿಲ್ಲ" ಎಂಬ ಪತ್ರ ತೆಗೆದುಕೊಳ್ಳಿ. ಅದರ ಜೊತೆ ಶಾಲೆಯ ದಾಖಲೆ ಮತ್ತು ಹೆತ್ತವರ ಅಫಿಡವಿಟ್ ಇಡಿ. ಕಾಗದ ಬರೀ ಕನ್ನಡದಲ್ಲಿ ಇದ್ದರೆ ಇಂಗ್ಲಿಷ್ ಅನುವಾದ ಬೇಕು. ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿ ಇದೆ ಅಂತ ಅನುವಾದ ಮಾಡಿದವರು ಬರೆದು ಸಹಿ ಹಾಕಬೇಕು. ಅಷ್ಟು ಬಿಟ್ಟಿದ್ದಕ್ಕೆ ನನ್ನ ಕಾಗದ ಒಂದು ಸಲ ವಾಪಸ್ ಬಂತು.

ಎನ್‌ವಿಸಿ ನೋಟಿಸ್ ಬಂದು ಒಂದು ವರ್ಷ ನೀವು ಏನೂ ಮಾಡದಿದ್ದರೆ ಕೇಸ್ ಮುಚ್ಚಿಹೋಗಬಹುದು. ಆಗಾಗ ಲಾಗಿನ್ ಮಾಡುತ್ತಾ ಇರಿ. ಕಾಗದ ಎಲ್ಲ ಸರಿ ಇದ್ದರೆ ಕ್ವಾಲಿಫೈಡ್ ಅಂತ ಮೇಲ್ ಬರುತ್ತದೆ. ನಾನು ಈಗ ಅಲ್ಲಿದ್ದೇನೆ. ನಮ್ಮ ದಿನಾಂಕವೂ ಬುಲೆಟಿನ್‌ನಲ್ಲಿ ದಾಟಿದೆ. ಇಂಟರ್‌ವ್ಯೂ ಪತ್ರ ಒಂದು ಬರಬೇಕು.

ಈ ಮಧ್ಯೆ ಗಂಡನಿಗೆ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕುವ ಸಮಯ ಬಂತು. ಅವರು ಪ್ರಜೆ ಆದರೆ ನನಗೆ ಕ್ಯೂ ಇಲ್ಲ. ಪೌರತ್ವದ ಪ್ರತಿ ಕಳಿಸಿದರೆ ಎನ್‌ವಿಸಿ ನನ್ನ ಗುಂಪು ಬದಲಾಯಿಸುತ್ತದೆ. ಕೇಳಲು ಸುಲಭ ಅನ್ನಿಸುತ್ತದೆ. ಆದರೆ ಮಕ್ಕಳಿರುವವರು ಇಲ್ಲಿ ಎಚ್ಚರದಿಂದ ಇರಿ. ಎಫ್2ಎಯಲ್ಲಿ ತಾಯಿಯ ಅರ್ಜಿಯ ಜೊತೆಗೇ ಮಗುವೂ ಬರುತ್ತದೆ. ಪ್ರಜೆಯ ಸಂಗಾತಿ ಎಂಬ ಗುಂಪಿಗೆ ಹೋದ ಕೂಡಲೇ ಆ ಸೌಕರ್ಯ ಹೋಗುತ್ತದೆ. ಮಗುವಿಗೆ ಬೇರೆ ಐ-130 ಹಾಕಬೇಕು. ಇದು ತಿಳಿಯದೆ ತಾಯಿಗೆ ವೀಸಾ ಬಂದು ಮಗು ಇಲ್ಲೇ ಉಳಿದರೆ ಏನು ಗತಿ ಹೇಳಿ. ಈ ಭಯಕ್ಕೇ ನಾವು ಮಗಳ ಹೆಸರಲ್ಲಿ ಮೊದಲೇ ಪ್ರತ್ಯೇಕ ಅರ್ಜಿ ಹಾಕಿಟ್ಟಿದ್ದೇವೆ. ಆನ್‌ಲೈನ್‌ನಲ್ಲಿ 625 ಡಾಲರ್. ದುಬಾರಿ ಹೌದು, ಆದರೆ ರಾತ್ರಿ ನಿದ್ದೆ ಬರುತ್ತದೆ.

ನಾಲ್ಕನೆಯ ಮೇಜು ಇಲ್ಲೇ ಇದೆ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿರುವ ಅಮೆರಿಕನ್ ಕಾನ್ಸುಲೇಟ್. ಬೆಂಗಳೂರಿನವರೂ ಹುಬ್ಬಳ್ಳಿಯವರೂ ಈ ವೀಸಾದ ಇಂಟರ್‌ವ್ಯೂಗೆ ಮುಂಬೈಗೇ ಬರುತ್ತಾರೆ. ಆ ಮಟ್ಟಿಗೆ ನಾವು ಪುಣ್ಯವಂತರು, ಲೋಕಲ್ ಟ್ರೇನ್ ಹತ್ತಿದರೆ ಆಯಿತು. ಮೊಬೈಲ್ ಒಳಗೆ ಬಿಡುವುದಿಲ್ಲ, ಮನೆಯಲ್ಲೇ ಬಿಟ್ಟು ಹೋಗಿ.

ಮೆಡಿಕಲ್ ಪರೀಕ್ಷೆ ಅವರು ಹೇಳಿದ ಡಾಕ್ಟರರ ಬಳಿಯೇ ಆಗಬೇಕು. ಇಂಟರ್‌ವ್ಯೂ ಪತ್ರ ಬರುವ ಮೊದಲೇ ಮಾಡಿಸಬೇಡಿ. ಅದರ ಅವಧಿ ಸಾಮಾನ್ಯವಾಗಿ ಆರು ತಿಂಗಳು ಮಾತ್ರ. ಪತ್ರ ಬಂದ ಮೇಲೆ ತಡ ಮಾಡಲೂ ಬೇಡಿ. ಎಕ್ಸ್‌ರೇಯಲ್ಲಿ ಹಳೆಯ ಟಿಬಿ ಕಲೆ ಇದ್ದರೆ ಕಫದ ಪರೀಕ್ಷೆ ಮಾಡುತ್ತಾರೆ, ಅದರ ಕಲ್ಚರ್ ವರದಿಗೆ ಎಂಟು ವಾರ ಬೇಕು. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ತೆಗೆದುಕೊಳ್ಳಬೇಕು. ಇಂಟರ್‌ವ್ಯೂ ಆದ ಮೇಲೆ 221(ಜಿ) ಎಂಬ ಚೀಟಿ ಕೊಟ್ಟರೆ ಎದೆ ಒಡೆದುಕೊಳ್ಳಬೇಡಿ. ಬಹಳ ಸಲ ಇನ್ನೊಂದು ಕಾಗದ ತನ್ನಿ ಅಂತ ಅಷ್ಟೇ ಇರುತ್ತದೆ. ಅದನ್ನು ಕೊಡಲು ಒಂದು ವರ್ಷ ಸಮಯ ಇದೆ.

[ಫೈಲ್ ಮುಚ್ಚಿಟ್ಟು]

ಇಷ್ಟು ಫೈಲ್ ವಿಷಯ. ಮನಸ್ಸಿನ ವಿಷಯವೂ ಹೇಳಬೇಕು.

ಯಾವ ಮದುವೆಗೆ ಹೋಗಲಿ, ಸಂಘದ ಯಾವ ಕಾರ್ಯಕ್ರಮಕ್ಕೆ ಹೋಗಲಿ, "ವೀಸಾ ಬಂತಾ? ಯಾವಾಗ ಹೊರಡ್ತೀ?" ಅಂತ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಹತ್ತನೆಯ ಸಲ ಉತ್ತರ ಹೇಳುವಾಗ ಗಂಟಲು ಕಟ್ಟುತ್ತದೆ. ನಾನು ಹೋಗುವುದನ್ನೇ ಬಿಟ್ಟಿದ್ದೆ. ಒಂದು ದಿನ ಅತ್ತೆ ಹೇಳಿದರು, "ನೀನು ಬಾ ಮಗಾ, ಕೇಳಿದವರಿಗೆ ನಾನು ಹೇಳ್ತೇನೆ." ಅಂದಿನಿಂದ ಅವರೇ ಹೇಳುತ್ತಾರೆ, "ಬಂದ ದಿನ ನಾವೇ ಫೋನ್ ಮಾಡ್ತೇವೆ, ಈಗ ಊಟಕ್ಕೆ ಏಳಿ." ನಿಮ್ಮ ಮನೆಯಲ್ಲೂ ಈ ಕೆಲಸವನ್ನು ಒಬ್ಬರಿಗೆ ವಹಿಸಿ. ಕಾಯುವವರೇ ಉತ್ತರವನ್ನೂ ಹೇಳುತ್ತಾ ಇರಬೇಕು ಅಂತೇನಿಲ್ಲ.

ಬೇಸಿಗೆಯಲ್ಲಿ ನಮಗೂ ನ್ಯೂ ಜೆರ್ಸಿಗೂ ಒಂಬತ್ತೂವರೆ ತಾಸಿನ ಅಂತರ, ಚಳಿಗಾಲದಲ್ಲಿ ಹತ್ತೂವರೆ. ಅಲ್ಲಿ ಬೇಸಿಗೆ ಇದ್ದಾಗ ನಮಗೆ ಬೆಳಗ್ಗೆ ಆರೂವರೆ ಅಂದರೆ ಅವರಿಗೆ ರಾತ್ರಿ ಒಂಬತ್ತು. ಆ ಹೊತ್ತಿಗೆ ಮಗಳು ಹಾಲು ಕುಡಿಯುತ್ತಾ ಅಪ್ಪನ ಜೊತೆ ಮಾತಾಡುತ್ತಾಳೆ. ಆ ಅರ್ಧ ತಾಸು ವೀಸಾ ಮಾತು ಆಡಬಾರದು ಅಂತ ನಾವಿಬ್ಬರೂ ನಿಯಮ ಮಾಡಿಕೊಂಡಿದ್ದೇವೆ. ವೀಸಾ ಮಾತಿಗೆ ಭಾನುವಾರ ರಾತ್ರಿ ಇದೆ. ಮೊದಲು ದಿನಾ ಅದೇ ಮಾತು, ಅದಕ್ಕೇ ಜಗಳ. ಮಗುವಿನ ಮುಖ ನೋಡಿ ನಿಲ್ಲಿಸಿದೆವು.

ಮಗಳನ್ನು ಶಾಲೆಗೆ ಸೇರಿಸುವಾಗಲೂ ಮೊದಲು ತಪ್ಪು ಮಾಡಿದೆ. ಹೇಗೂ ಹೊರಡುತ್ತೇವೆ, ಡೊನೇಷನ್ ಯಾಕೆ ಸುಮ್ನೆ ಅಂತ ಒಂದು ವರ್ಷ ಸೇರಿಸಲಿಲ್ಲ. ಕಟ್ಟಡದ ಮಕ್ಕಳೆಲ್ಲ ಬ್ಯಾಗ್ ಹಾಕಿಕೊಂಡು ಹೋಗುವುದನ್ನು ಇವಳು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದಳು. ಈಗ ಸೇರಿಸಿದ್ದೇನೆ. ಮೂರು ಮಂದಿ ಗೆಳತಿಯರಿದ್ದಾರೆ, ಮರಾಠಿಯಲ್ಲಿ ಹಾಡು ಹೇಳುತ್ತಾಳೆ, ಅಜ್ಜನಿಗೂ ಕಲಿಸುತ್ತಾಳೆ.

ಎರಡನೆಯ ಟರ್ಮ್‌ನ ಫೀಸ್ ಕಟ್ಟಲು ನಾಳೆ ಕೊನೆಯ ದಿನ. ಇಂಟರ್‌ವ್ಯೂ ಪತ್ರ ಮುಂದಿನ ತಿಂಗಳೇ ಬರಬಹುದು. ಬಂದರೆ ಆ ದುಡ್ಡು ವಾಪಸ್ ಸಿಗುವುದಿಲ್ಲ. ಆದರೂ ಬೆಳಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಕಟ್ಟಿ ಹೋಗುತ್ತೇನೆ.